ಸರ್ವರ್ ಕೊಡುವ ಮೂರಂಕಿಯ ಉತ್ತರ

ಮಳೆಗಾಲದ ಒಂದು ಸಂಜೆ. ಕೆಮ್ಮಣ್ಣುಗುಂಡಿಯ ಅತಿಥಿಗೃಹದಿಂದ ವಿದ್ಯಾರ್ಥಿಗಳ ಅಂಕಗಳ ಕಡತವನ್ನು ಎಫ್‌ಟಿಪಿ ಮೂಲಕ ಕಾಲೇಜಿಗೆ ಕಳುಹಿಸುತ್ತಿದ್ದೆ. ಸಲ್ಲಿಸಲು ಅದೇ ಕೊನೆಯ ದಿನ. ವರ್ಗಾವಣೆ ಅರ್ಧಕ್ಕೇ ನಿಂತು ಪರದೆಯ ಮೇಲೆ 426 ಎಂಬ ಸಂಖ್ಯೆ ಮೂಡಿತು. ಗಾಬರಿಯಾಗಲಿಲ್ಲ. ಏಕೆಂದರೆ ಮೊದಲ ಅಂಕಿ 4, 5 ಅಲ್ಲ.

ಎಫ್‌ಟಿಪಿಯ ಮೊದಲ ರೂಪವನ್ನು 1971ರ ಏಪ್ರಿಲ್‌ನಲ್ಲಿ ಪ್ರಕಟಿಸಿದವರು ಅಭಯ್ ಭೂಷಣ್. ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋಗಿದ್ದವರು. ಆಗಿನ ಅರ್ಪಾನೆಟ್ ಜಾಲದಲ್ಲಿದ್ದ ಗಣಕಗಳೋ ಒಂದೊಂದೂ ಒಂದೊಂದು ಬಗೆಯವು. ಸರ್ವರ್ ವಾಕ್ಯದಲ್ಲಿ ಉತ್ತರಿಸಿದರೆ ಮನುಷ್ಯ ಓದಿಯಾನು, ಯಂತ್ರ ಓದಲಾರದು. ಹಾಗಾಗಿ ವಾಕ್ಯದ ಮುಂದೆ ಸಂಖ್ಯೆಯೂ ಬಂತು.

1974ರ ಜೂನ್‌ನಲ್ಲಿ ಜಾನ್ ಪೋಸ್ಟೆಲ್ ಮತ್ತು ಸಂಗಡಿಗರು ಈ ಸಂಖ್ಯೆಗಳನ್ನು ಪರಿಷ್ಕರಿಸಿದರು. ಮೊದಲ ಅಂಕಿ 1 ಆದರೆ ಕೆಲಸ ಶುರುವಾಗಿದೆ, 2 ಆದರೆ ಮುಗಿದಿದೆ, 3 ಆದರೆ ಇನ್ನೂ ಮಾಹಿತಿ ಬೇಕು. 4 ಮತ್ತು 5 ಎರಡೂ ವಿಫಲತೆಯೇ. ಆದರೆ 4 ತಾತ್ಕಾಲಿಕ, ಮತ್ತೆ ಯತ್ನಿಸಬಹುದು. 5 ಬಂದರೆ ಅದೇ ಆದೇಶವನ್ನು ಹಾಗೆಯೇ ಮತ್ತೆ ಕೊಟ್ಟು ಫಲವಿಲ್ಲ. ಈ ಭೇದವೇ ನನ್ನ ದೃಷ್ಟಿಯಲ್ಲಿ ಆ ಪರಿಷ್ಕರಣೆಯ ಜಾಣತನ. ಎರಡನೆಯ ಅಂಕಿ 2 ಎಂದರೆ ವಿಷಯ ಸಂಪರ್ಕದ್ದು, 5 ಎಂದರೆ ಕಡತದ್ದು. 1985ರ ಪ್ರಮಾಣಕವೂ ಇದನ್ನೇ ಉಳಿಸಿಕೊಂಡಿತು. (ಜಾಲತಾಣಗಳ 404 ಇದೇ ವಂಶದ್ದು, ಅಲ್ಲಿ ಮಾತ್ರ 4ಕ್ಕೆ ಕೇಳಿದವನದೇ ತಪ್ಪು ಎಂಬ ಅರ್ಥ!)

ಕಡತ ಸಾಗುವುದು ಒಂದು ಸಂಪರ್ಕದಲ್ಲಿ, ಉತ್ತರ ಬರುವುದು ಇನ್ನೊಂದರಲ್ಲಿ. ಮೊದಲನೆಯದು ಕಡಿದರೂ ಎರಡನೆಯದು ಉಳಿದಿದ್ದರಿಂದಲೇ 426 ನನಗೆ ತಲುಪಿದ್ದು. ಮಳೆ ಇಳಿದ ಮೇಲೆ ಮತ್ತೆ ಕಳುಹಿಸಿದೆ. ಈ ಸಲ 226 ಬಂತು.