ಹೊಸ ಮೊಬೈಲ್ ಗೇಮ್ ಶುರು ಮಾಡ್ತಿದ್ದೀರಾ? ಮೊದಲ ಹತ್ತು ಮ್ಯಾಚ್ ನಂಬಬೇಡಿ, ದುಡ್ಡಂತೂ ಹಾಕಲೇಬೇಡಿ

ಕೂಡ್ಲಿಗಿ: ಪರೀಕ್ಷೆ ಮುಗಿದು ರಜೆ ಬಿದ್ದರೆ ಸಾಕು, ಕೊಟ್ಟೂರಿನ ಬಸ್ ಸ್ಟ್ಯಾಂಡ್ ಇರಲಿ, ಹಡಗಲಿಯ ಅರಳಿಕಟ್ಟೆ ಇರಲಿ, ನಾಲ್ಕು ಹುಡುಗರು ಮೊಬೈಲ್ ಅಡ್ಡ ಹಿಡಿದು ಕೂತಿರೋದು ಕಾಣುತ್ತೆ. ಒಬ್ಬ ಹೊಸ ಗೇಮಿನ ಹೆಸರು ಹೇಳ್ತಾನೆ, ಉಳಿದ ಮೂವರು ಅಲ್ಲೇ ಇಳಿಸ್ಕೊಳ್ತಾರೆ. ಹೇಳಿಕೊಡೋಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಚೌಕಾಬಾರ ಆಡೋಕೆ ಕೂತರೆ ಪಕ್ಕದಲ್ಲಿ ಅಜ್ಜಿ ಇರ್ತಾಳೆ, "ಆ ಕಾಯಿ ನಡೆಸಬ್ಯಾಡ, ಕಡೀತಾನ" ಅಂತ ಎಚ್ಚರಿಸ್ತಾಳೆ. ಮೊಬೈಲ್ ಗೇಮಿನಲ್ಲಿ ಆ ಅಜ್ಜಿ ಇಲ್ಲ. ಇರೋದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಸೂಚನೆ, ಪಕ್ಕದಲ್ಲೇ "ಸ್ಕಿಪ್" ಅನ್ನೋ ಬಟನ್.

ಹೊಸಪೇಟೆ ಬಿಟ್ಟರೆ ಜಿಲ್ಲೆಯ ಉಳಿದ ಐದು ತಾಲ್ಲೂಕುಗಳಲ್ಲಿ ಬಹಳಷ್ಟು ಮನೆಗಳ ಕಥೆ ಒಂದೇ. ಮೆಕ್ಕೆಜೋಳವೋ ಶೇಂಗಾವೋ ಮಾರಿದ ದುಡ್ಡು ಅಪ್ಪನ ಖಾತೆಯಲ್ಲಿರುತ್ತೆ. ಆ ಖಾತೆಯ ಯುಪಿಐ ಮನೆಯ ಮೊಬೈಲಿನಲ್ಲಿರುತ್ತೆ. ಅದೇ ಮೊಬೈಲಿನಲ್ಲಿ ಮಗ ಗೇಮ್ ಇಳಿಸ್ತಾನೆ. ಹೊಸ ಗೇಮ್ ಶುರು ಮಾಡೋದು ಅಂದ್ರೆ ಬರೀ ಆಟ ಕಲಿಯೋದಲ್ಲ ಅನ್ನೋದು ಅದಕ್ಕೇ.

ಗೆದ್ದಿದ್ದು ನೀವಲ್ಲ, ಗೆಲ್ಲಿಸಿದ್ದು ಗೇಮ್

ಬಿಜಿಎಂಐ ಹೊಸದಾಗಿ ಇಳಿಸಿದವರು ಮೊದಲ ಎರಡು ಮೂರು ಮ್ಯಾಚಿನಲ್ಲೇ ಹತ್ತಾರು ಜನರನ್ನು ಹೊಡೀತಾರೆ, ಕೆಲವರಿಗೆ ಚಿಕನ್ ಡಿನ್ನರ್ ಕೂಡ ಬರುತ್ತೆ. ಆ ಖುಷಿಗೆ ಸ್ವಲ್ಪ ತಣ್ಣೀರು ಹಾಕಬೇಕು. ಕೆಳಗಿನ ರ‍್ಯಾಂಕುಗಳಲ್ಲಿ ಎದುರಿಗಿರೋರಲ್ಲಿ ಬಹಳಷ್ಟು ಮಂದಿ ಮನುಷ್ಯರೇ ಅಲ್ಲ, ಬಾಟ್‌ಗಳು. ಅಂದ್ರೆ ಕಂಪ್ಯೂಟರ್ ಆಡಿಸೋ ಗೊಂಬೆಗಳು. ನಿಂತಲ್ಲೇ ನಿಂತು ಗುಂಡು ಹಾರಿಸ್ತವೆ, ಗುರಿ ತಪ್ಪುತ್ತೆ, ಅಡ್ಡ ಬಚ್ಚಿಟ್ಟುಕೊಳ್ಳೋದಿಲ್ಲ. ಹೊಸಬರು ಬೇಜಾರಾಗಿ ಬಿಟ್ಟು ಹೋಗಬಾರದು ಅಂತ ಮಾಡಿದ ಏರ್ಪಾಡು ಅದು. ರ‍್ಯಾಂಕ್ ಏರಿದಂತೆ ಬಾಟ್ ಕಮ್ಮಿ ಆಗಿ ನಿಜವಾದ ಆಟಗಾರರು ಬರ್ತಾರೆ. ನಿನ್ನೆ ಹತ್ತು ಮಂದಿ ಹೊಡೆದವನು ಇವತ್ತು ಇಳಿದ ಎರಡೇ ನಿಮಿಷಕ್ಕೆ ಔಟ್. "ಬಂದೂಕು ಸರಿ ಇಲ್ಲ, ಸ್ಕಿನ್ ತಗೊಂಡ್ರೆ ಆಗುತ್ತೆ" ಅನ್ನೋ ಯೋಚನೆ ಹುಟ್ಟೋದು ಸರಿಯಾಗಿ ಅದೇ ಹೊತ್ತಿಗೆ.

ಚೆಸ್‌ನಲ್ಲಿ ಇದು ತಿರುವುಮುರುವು. ಗುಕೇಶ್ 2024ರ ಡಿಸೆಂಬರಿನಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ಮೊಬೈಲಿನಲ್ಲಿ ಚೆಸ್ ಆಡೋಣ ಅಂತ ಹೊರಟ ಹುಡುಗರಿಗೆ ಇದು ಗೊತ್ತಿರಬೇಕು. ಲಿಚೆಸ್ ಅನ್ನೋ ಆ್ಯಪ್ ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಆದ್ರೆ ಅಲ್ಲಿ ಹೊಸಬರ ರೇಟಿಂಗ್ 1500ರಿಂದ ಶುರುವಾಗುತ್ತೆ. ಅಷ್ಟು ರೇಟಿಂಗ್ ಇರೋ ಹಳಬ ಅಂದ್ರೆ ಕುದುರೆ ಹೆಂಗೆ ನಡೆಯುತ್ತೆ ಅಂತ ನಿನ್ನೆ ಕಲಿತವನಲ್ಲ. ಅಂಥವರ ಕೈಲಿ ಸಾಲಾಗಿ ಸೋಲೋದು ಸಹಜ. ಸೋತ ಹಾಗೆ ಅಂಕ ದಡದಡ ಇಳಿದು, ನಿಮ್ಮ ಮಟ್ಟದವರು ಸಿಗೋ ಜಾಗಕ್ಕೆ ಬಂದು ನಿಲ್ಲುತ್ತೆ. ಆಮೇಲೆ ಶುರುವಾಗೋದೇ ನಿಜವಾದ ಆಟ. ಬಹಳ ಮಂದಿ ಅದಕ್ಕೆ ಮುಂಚೆನೇ "ನಮಗಿದು ಬರಲ್ಲ" ಅಂತ ಆ್ಯಪ್ ತೆಗೆದು ಹಾಕ್ತಾರೆ.

ಹಂಗಾಗಿ ಯಾವ ಗೇಮೇ ಆಗಲಿ, ಮೊದಲ ಹತ್ತು ಮ್ಯಾಚಿನ ಗೆಲುವು ಸೋಲು ನಿಮ್ಮ ಬಗ್ಗೆ ಏನೂ ಹೇಳೋದಿಲ್ಲ.

ಇಳಿಸೋ ಮುಂಚೆ ಕೇಳಬೇಕಾದ ಪ್ರಶ್ನೆ

ಒಂದು ಮ್ಯಾಚ್ ಎಷ್ಟು ಹೊತ್ತು? ಇದನ್ನು ಯಾರೂ ಕೇಳಲ್ಲ. ಬಿಜಿಎಂಐನ ಎರಾಂಗೆಲ್ ಮ್ಯಾಪಿನಲ್ಲಿ 100 ಮಂದಿ ಇಳೀತಾರೆ, ಕೊನೆವರೆಗೆ ಉಳಿದರೆ ಅರ್ಧ ಗಂಟೆ ಬೇಕು. ಅದೇ ಗೇಮಿನ ಲಿವಿಕ್ ಮ್ಯಾಪ್ ಚಿಕ್ಕದು, ಬೇಗ ಮುಗಿಯುತ್ತೆ. ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ಸಾಮಾನ್ಯವಾಗಿ 50 ಮಂದಿ, ಹತ್ತು ನಿಮಿಷದ ಆಸುಪಾಸಿನ ಆಟ. ಎಮ್ಮೆ ಹೊಡ್ಕೊಂಡು ಬಾ ಅಂತ ಅವ್ವ ಕರೆಯೋ ಹೊತ್ತಿಗೆ ಅರ್ಧ ಗಂಟೆಯ ಮ್ಯಾಚ್ ಶುರು ಮಾಡಿದ್ರೆ ಜಗಳ ಗ್ಯಾರಂಟಿ. ನಡುವೆ ಬಿಟ್ಟರೆ ಟೀಮಿನವರ ಕೈಲೂ ಬೈಸ್ಕೋಬೇಕು.

ಎರಡನೇದು ಡೇಟಾ. ಆಡೋಕೆ ಖರ್ಚಾಗೋ ಡೇಟಾ ಕಮ್ಮಿ, ಇಳಿಸೋಕೇ ಜಾಸ್ತಿ. ಪ್ಲೇ ಸ್ಟೋರಿನಲ್ಲಿ ಕಾಣೋ ಸೈಜ್ ನೋಡಿ ಮೋಸ ಹೋಗಬೇಡಿ. ಗೇಮ್ ತೆರೆದ ಮೇಲೆ ಮ್ಯಾಪ್, ರಿಸೋರ್ಸ್ ಪ್ಯಾಕ್ ಅಂತ ಬೇರೆ ಇಳಿಸಿಕೊಳ್ಳುತ್ತೆ. ದಿನಕ್ಕೆ 1.5 ಜಿಬಿ ಪ್ಯಾಕ್ ಇರೋರು ವೈಫೈ ಇರೋ ಕಡೆ ಇಳಿಸಿಕೊಳ್ಳೋದು ಒಳ್ಳೇದು, ಇಲ್ಲಾಂದ್ರೆ ಬೇಕಾದ ಒಂದೇ ಮ್ಯಾಪ್ ಇಳಿಸಿದರೂ ಸಾಕು.

ಟೆಲಿಗ್ರಾಂನಲ್ಲಿ, ವಾಟ್ಸಾಪ್ ಗ್ರೂಪಿನಲ್ಲಿ ಬರೋ "ಮೋಡ್" ಗೇಮು, "ಅನ್‌ಲಿಮಿಟೆಡ್ ಡೈಮಂಡ್" ಫೈಲು ಮುಟ್ಟಬೇಡಿ. ಅಕೌಂಟ್ ಬ್ಯಾನ್ ಆಗೋದು ಸಣ್ಣ ಮಾತು. ಅಂಥ ಆ್ಯಪು ಮೆಸೇಜ್ ಓದೋ ಅನುಮತಿ ಕೇಳಿದಾಗ ಒತ್ತಿಬಿಟ್ರೆ ಬ್ಯಾಂಕಿನ ಒಟಿಪಿಯನ್ನೂ ಓದಬಹುದು.

ಮೊದಲ ದಿನದ ಕೆಲಸ

ಟ್ಯುಟೋರಿಯಲ್ ಸ್ಕಿಪ್ ಮಾಡಬೇಡಿ. ಐದು ನಿಮಿಷ ಹೋಗುತ್ತೆ, ಹೋಗಲಿ. ಗೆಸ್ಟ್ ಅಕೌಂಟಿನಲ್ಲಿ ಆಡಬೇಡಿ, ಗೂಗಲ್ ಅಥವಾ ಬೇರೆ ಲಾಗಿನ್ ಜೋಡಿಸಿ. ಮೊಬೈಲ್ ರಿಸೆಟ್ ಆದ್ರೆ ಗೆಸ್ಟ್ ಅಕೌಂಟ್ ಹೋದ ಹಾಗೇ ಲೆಕ್ಕ.

ಆಮೇಲೆ ಸೆಟ್ಟಿಂಗ್ಸ್. 3-4 ಜಿಬಿ ರ‍್ಯಾಮ್ ಇರೋ ಮೊಬೈಲಿನಲ್ಲಿ ಗ್ರಾಫಿಕ್ಸ್ ಅನ್ನು "ಸ್ಮೂತ್"ಗೆ ಇಡಿ, ಫ್ರೇಮ್ ರೇಟ್ ಎಷ್ಟು ಸಿಗುತ್ತೋ ಅಷ್ಟು ಏರಿಸಿ. ಹುಲ್ಲು ಚೆಂದ ಕಾಣೋದಕ್ಕಿಂತ ಓಡೋ ಮನುಷ್ಯ ತಡವರಿಸದೆ ಕಾಣೋದು ಮುಖ್ಯ. ಯೂಟ್ಯೂಬರ್ ಕೊಟ್ಟ ಸೆನ್ಸಿಟಿವಿಟಿ ಕೋಡ್ ಹಾಕಿ ಸೋತವರು ಪ್ರತಿ ಊರಲ್ಲೂ ಇದ್ದಾರೆ. ಅವನ ಮೊಬೈಲ್ ಬೇರೆ, ಸ್ಕ್ರೀನ್ ಬೇರೆ, ಬೆರಳೂ ಬೇರೆ. ಟ್ರೈನಿಂಗ್ ಗ್ರೌಂಡಿಗೆ ಹೋಗಿ ಗೋಡೆಗೆ ಗುಂಡು ಹಾರಿಸಿ ನೋಡಿ. ಬಂದೂಕು ಮೇಲಕ್ಕೆ ಎಗರುತ್ತಲ್ಲ, ಅದನ್ನು ಹೆಬ್ಬೆರಳಿನಲ್ಲಿ ಕೆಳಗೆ ಎಳೆಯೋಕೆ ಎಷ್ಟು ಬೇಕೋ ಅಷ್ಟೇ ನಿಮ್ಮ ಸೆನ್ಸಿಟಿವಿಟಿ. ಆ ಗ್ರೌಂಡಿನಲ್ಲಿ ಅರ್ಧ ಗಂಟೆ ಕಳೆದವನು ಹತ್ತು ಮ್ಯಾಚ್ ಸೋತು ಕಲಿಯೋದನ್ನು ಅಲ್ಲೇ ಕಲೀತಾನೆ.

ವಿಮಾನದಿಂದ ಹಾರುವಾಗ ಪೊಚಿಂಕಿ, ಮಿಲಿಟರಿ ಬೇಸ್ ಅಂತ ಎಲ್ಲರೂ ಬೀಳೋ ಕಡೆ ಹೋಗಬೇಡಿ. ಅಂಚಿನಲ್ಲಿರೋ ನಾಲ್ಕು ಮನೆಗಳ ಗುಂಪು ಹುಡುಕಿ. ಒಂದು ಬಂದೂಕು, ಹೆಲ್ಮೆಟ್, ವೆಸ್ಟ್, ಔಷಧಿ ಸಿಕ್ಕರೆ ಸಾಕು, ಮುಂದೆ ನಡೀರಿ. ಬ್ಯಾಗ್ ತುಂಬೋವರೆಗೆ ಮನೆ ಮನೆ ಸುತ್ತೋರು ಸಾಯೋದು ಶತ್ರು ಕೈಲಲ್ಲ, ಝೋನ್ ಕೈಲಿ. ಇಯರ್‌ಫೋನ್ ಇದ್ರೆ ಹೆಜ್ಜೆ ಸಪ್ಪಳ ಯಾವ ಕಡೆಯಿಂದ ಬರ್ತಿದೆ ಅಂತ ಗೊತ್ತಾಗುತ್ತೆ, ಅರ್ಧ ಆಟ ಅದೇ.

ಇಂಗ್ಲಿಷ್ ಮಾತುಗಳಿಗೆ ಹೆದರಬೇಕಿಲ್ಲ, ಎಲ್ಲಾ ಗೇಮಿನಲ್ಲೂ ಅವೇ ಹತ್ತು ಮಾತು ತಿರುಗ್ತಾ ಇರ್ತವೆ. ಲೂಟ್ ಅಂದ್ರೆ ಬಿದ್ದಿರೋ ಸಾಮಾನು ಆರಿಸಿಕೊಳ್ಳೋದು. ಝೋನ್ ಅಂದ್ರೆ ಕಿರಿದಾಗ್ತಾ ಬರೋ ಸುರಕ್ಷಿತ ಜಾಗ, ಹೊರಗೆ ಉಳಿದ್ರೆ ಜೀವ ಕಮ್ಮಿ ಆಗ್ತಾ ಹೋಗುತ್ತೆ. ಬಿದ್ದ ಜೊತೆಗಾರನನ್ನು ಎಬ್ಬಿಸೋದು ರಿವೈವ್. ಸತ್ತ ಮೇಲೆ ಮತ್ತೆ ಹುಟ್ಟಿ ಬರೋದು ರೀಸ್ಪಾನ್. ಒಂದು ಶಕ್ತಿ ಬಳಸಿದ ಮೇಲೆ ಮತ್ತೆ ಸಿಗೋವರೆಗಿನ ಕಾಯುವಿಕೆ ಕೂಲ್‌ಡೌನ್. ಪಿಂಗ್ ಅಂದ್ರೆ ನೀವು ಒತ್ತಿದ್ದು ಸರ್ವರಿಗೆ ಹೋಗಿ ಬರೋ ಹೊತ್ತು. ಆ ಅಂಕಿ 100ರ ಒಳಗಿದ್ರೆ ನಡೆಯುತ್ತೆ, 200 ದಾಟಿದ್ರೆ ನೀವು ಗುಂಡು ಹಾರಿಸೋ ಹೊತ್ತಿಗೆ ಎದುರಿನವನು ಅಲ್ಲಿರಲ್ಲ. ಕೂಡ್ಲಿಗಿಯಿಂದ ಹೊಸಪೇಟೆಗೆ ಹೋಗೋ ಬಸ್ಸಿನಲ್ಲಿ ಕೂತು ರ‍್ಯಾಂಕ್ ಮ್ಯಾಚ್ ಆಡೋದು ಬೇಡ. ಸಿಗ್ನಲ್ ಹೋದ್ರೆ ಮ್ಯಾಚ್ ನಿಮಗಾಗಿ ಕಾಯಲ್ಲ.

ಮೈನ್‌ಕ್ರಾಫ್ಟ್ ಥರದ ಗೇಮಿಗೆ ಲೆಕ್ಕ ಬೇರೆ. ಅಲ್ಲಿ ಒಂದು ದಿನ ಅಂದ್ರೆ ನಮ್ಮ 20 ನಿಮಿಷ. ಕತ್ತಲಾಗೋದರೊಳಗೆ ಮರ ಕಡಿದು ನಾಲ್ಕು ಗೋಡೆ ಎಬ್ಬಿಸಿಕೊಂಡವನು ಬದುಕ್ತಾನೆ. ಕಂಪ್ಯೂಟರಿನಲ್ಲಿ ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಡೋರು ಪ್ರತಿ ಮಿಷನ್ ಮುಗಿದ ಮೇಲೆ ಸೇವ್ ಮಾಡಿಕೊಳ್ಳಿ. ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ.

ದುಡ್ಡಿನ ವಿಷಯ

ಬಿಜಿಎಂಐನಲ್ಲಿ ಯುಸಿ, ಫ್ರೀ ಫೈರ್‌ನಲ್ಲಿ ಡೈಮಂಡ್. ಹೆಸರು ಬೇರೆ, ಹೋಗೋದು ರೂಪಾಯಿನೇ. ಬಿಜಿಎಂಐನಲ್ಲಿ ಹೊಸ ಡ್ರೆಸ್ ಹಾಕಿಕೊಂಡ್ರೆ ಗುಂಡು ತಾಗೋದೇನೂ ಕಮ್ಮಿ ಆಗಲ್ಲ. ಕೊಂಡದ್ದು ಶಾಶ್ವತವಾಗಿ ನಮ್ಮದೂ ಅಲ್ಲ. ಪಬ್‌ಜಿ ಮೊಬೈಲನ್ನು 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ಸರದಿ. ಅದೇ ವರ್ಷ ಜುಲೈನಲ್ಲಿ ಬಿಜಿಎಂಐ ಪ್ಲೇ ಸ್ಟೋರಿನಿಂದ ಮಾಯವಾಯಿತು, ಮರಳಿ ಬಂದಿದ್ದು 2023ರ ಮೇನಲ್ಲಿ. ವಾಪಸ್ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ ಮಿತಿ ಹಾಕಲಾಗಿತ್ತು. ವಯಸ್ಸು ಸುಳ್ಳು ಹೇಳಿ ಒಳಹೋದ್ರೆ ಆ ಮಿತಿಯೂ ಇಲ್ಲ, ಹೇಳೋರೂ ಇಲ್ಲ.

ಇನ್ನು ದುಡ್ಡು ಕಟ್ಟಿ ದುಡ್ಡು ಗೆಲ್ಲೋ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಥರದ್ದು. ಇದು ಆಟದ ಲೆಕ್ಕಕ್ಕೇ ಬರಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇಂಥದ್ದನ್ನೆಲ್ಲ ನಿಷೇಧಿಸುತ್ತೆ. ನಡೆಸೋರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಅಂತ ಅದರಲ್ಲಿದೆ. ಕಾನೂನು ಬಂದ ಮೇಲೂ "ಹೊಸ ಗೇಮ್, ಸೇರಿದ್ರೆ ಬೋನಸ್" ಅಂತ ಲಿಂಕ್ ಬಂದ್ರೆ ಅದು ನಿಮ್ಮನ್ನೇ ಆಡಿಸೋ ಗೇಮ್.

ಮೊಬೈಲ್ ಮಕ್ಕಳ ಕೈಗೆ ಕೊಡೋ ಅಪ್ಪ ಅವ್ವಂದಿರಿಗೆ ಕೆಲಸ ಹತ್ತು ನಿಮಿಷದ್ದು. ಪ್ಲೇ ಸ್ಟೋರ್ ತೆರೆದು ಮೇಲಿನ ಫೋಟೊ ಗುರುತು ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಿ. ಬೆರಳಚ್ಚು ಮಗನದ್ದೂ ಸೇರಿಸಿದ್ರೆ ಉಪಯೋಗ ಇಲ್ಲ. ಫೋನ್‌ಪೇ, ಗೂಗಲ್‌ ಪೇಗಳಲ್ಲಿ ಆಟೋಪೇ ಅನ್ನೋ ಜಾಗ ನೋಡಿ, ಗೊತ್ತಿಲ್ಲದ ಹೆಸರಿದ್ರೆ ತೆಗೆದು ಹಾಕಿ. ಯುಪಿಐ ಪಿನ್ ಮಕ್ಕಳಿಗೆ ಬಾಯಿಪಾಠ ಆಗಿದ್ರೆ ಇವತ್ತೇ ಬದಲಾಯಿಸಿ.

ಗೊತ್ತಾಗದೆ ಪ್ಲೇ ಸ್ಟೋರ್ ಮೂಲಕ ದುಡ್ಡು ಹೋಗಿದ್ರೆ 48 ಗಂಟೆಯೊಳಗೆ ಗೂಗಲ್‌ಗೆ ರೀಫಂಡ್ ಕೇಳಿ, ವಾಪಸ್ ಬರೋ ಸಾಧ್ಯತೆ ಇರುತ್ತೆ. ಮೋಸದ ಲಿಂಕಿನಿಂದ ಹೋಗಿದ್ರೆ ತಡ ಮಾಡದೆ 1930ಕ್ಕೆ ಫೋನ್ ಹಚ್ಚಿ. ಹೋದ ಮೊತ್ತ, ಸಮಯ, ಟ್ರಾನ್ಸಾಕ್ಷನ್ ನಂಬರ್ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮಾತಾಡಿ. ಆಮೇಲೆ ಬ್ಯಾಂಕಿಗೂ ತಿಳಿಸಿ. ಮಗನಿಗೆ ಬೈಯೋದನ್ನು ಅದೆಲ್ಲ ಮುಗಿದ ಮೇಲೆ ಇಟ್ಕೊಳ್ಳಿ. ಯಾವ ಲಿಂಕ್, ಯಾವ ಹೊತ್ತು ಅಂತ ಗೊತ್ತಿರೋದು ಅವನಿಗೊಬ್ಬನಿಗೇ.