ಎತ್ತರ ಅಳೆದ ಕಥೆ: ಕಾರವಾರದ ಕಡಲಿನಿಂದ ಉಪಗ್ರಹದವರೆಗೆ



ನಿಮ್ಮ ಗದ್ದೆ ಎಷ್ಟು ಗುಂಟೆ ಎಂದು ಕೇಳಿದರೆ ನೀವು ಥಟ್ಟನೆ ಹೇಳುತ್ತೀರಿ. ನಾಲ್ಕು ದಿಕ್ಕಿಗೆ ಯಾರ ಯಾರ ಜಮೀನಿದೆ ಎಂಬುದೂ ನಿಮಗೆ ಬಾಯಿಪಾಠ. ಆದರೆ ಅದೇ ಗದ್ದೆ ಕಡಲಿಗಿಂತ ಎಷ್ಟು ಎತ್ತರದಲ್ಲಿದೆ ಎಂದು ಕೇಳಿದರೆ? ಪಹಣಿಯಲ್ಲಿ ಅದನ್ನು ಬರೆದಿಲ್ಲ. ಹಿಂದಿನ ಸರ್ವೆಯವರು ಸರಪಳಿ ಎಳೆದದ್ದು ಉದ್ದಗಲಕ್ಕೆ. ಕಂದಾಯ ನಿಗದಿಯಾದದ್ದು ಉದ್ದಗಲಕ್ಕೆ ಮತ್ತು ಮಣ್ಣಿನ ಗುಣಕ್ಕೆ. ಎತ್ತರಕ್ಕೆ ಕಂದಾಯವಿಲ್ಲ, ಆದ ಕಾರಣ ಲೆಕ್ಕವೂ ಇಲ್ಲ. ಹಾಗಿದ್ದರೂ ಕಾರವಾರ, ಅಂಕೋಲಾ ತಾಲೂಕುಗಳಲ್ಲಿ ಬೆಳೆ ಉಳಿಯುವುದೂ ಹೋಗುವುದೂ ಎತ್ತರದಿಂದಲೇ. ಗಜನಿಯಲ್ಲಿ ಒಂದು ಮೊಳ ತಗ್ಗಾದರೆ ಉಪ್ಪುನೀರು ಒಳಗೆ ಬಂದಂತೆ. ಗುಡ್ಡದ ಬುಡದಲ್ಲಿ ಇಳಿಜಾರು ಹೆಚ್ಚಾದರೆ ಮಳೆಗಾಲದಲ್ಲಿ ಮಣ್ಣು ಮೇಲಿನಿಂದ ಬಂದಂತೆ.

ಈಗ ಆಕಾಶದಿಂದ ತೆಗೆದ ಚಿತ್ರಗಳನ್ನು ಗಣಕಯಂತ್ರಕ್ಕೆ ಕೊಟ್ಟರೆ ಅದು ತಾನಾಗಿಯೇ ಗುಡ್ಡ, ಕಣಿವೆ, ಬಯಲುಗಳ ಉಬ್ಬುತಗ್ಗಿನ ನಕಾಶೆ ಮಾಡಿಕೊಡುತ್ತದೆ. ಇದು ಹೇಗೆ ಬಂತು, ಇದನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು ಹೇಳುವುದಕ್ಕಾಗಿ ಈ ಪಾಠ ಬರೆದಿದ್ದೇನೆ.

ಎತ್ತರ ಅಳೆಯುವುದಕ್ಕೆ ಮೊದಲು ಸೊನ್ನೆ ಎಲ್ಲಿದೆ ಎಂದು ಗೊತ್ತಾಗಬೇಕಷ್ಟೆ. ದೇಶದ ಸರ್ವೆಯವರು ಆ ಸೊನ್ನೆಯನ್ನು ಸಮುದ್ರದಲ್ಲಿ ಹುಡುಕಿದರು. ಭರತ ಇಳಿತಗಳನ್ನು ವರ್ಷಗಟ್ಟಲೆ ಬರೆದಿಟ್ಟು, ಅದರ ಸರಾಸರಿ ಮಟ್ಟವನ್ನು ಸೊನ್ನೆ ಎಂದು ಹಿಡಿದರು. 1909ರಲ್ಲಿ ಇಡೀ ಹಿಂದೂಸ್ಥಾನದ ಎತ್ತರಗಳ ಲೆಕ್ಕವನ್ನು ಒಂದು ಮಾಡಿದಾಗ ಒಂಬತ್ತು ಬಂದರುಗಳ ಸಮುದ್ರಮಟ್ಟವನ್ನು ಆಧಾರವಾಗಿ ತೆಗೆದುಕೊಂಡರು. ಕರಾಚಿ, ಮುಂಬಯಿ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದರಾಸು, ವಿಶಾಖಪಟ್ಟಣ, ಒಡಿಶಾ ತೀರದ ಫಾಲ್ಸ್ ಪಾಯಿಂಟ್. ಇವುಗಳ ಸಂಗಡ ನಮ್ಮ ಕಾರವಾರ. ಬೆಟ್ಟದ ಮೇಲಿನ ಊರಿನ ರೈಲು ನಿಲ್ದಾಣದ ಫಲಕದಲ್ಲಿ ಸಮುದ್ರಮಟ್ಟದಿಂದ ಇಷ್ಟು ಎತ್ತರ ಎಂದು ಬರೆದಿರುತ್ತದಲ್ಲ, ಆ ಲೆಕ್ಕದ ಬೇರಿನಲ್ಲಿ ಕಾರವಾರದ ಕಡಲಿನ ನೀರೂ ಇದೆ. ಈ ಸಂಗತಿ ನಮ್ಮ ಜಿಲ್ಲೆಯ ಶಾಲೆಯ ಮಕ್ಕಳಿಗೂ ತಿಳಿದಿರಬೇಕು ಎಂದು ನನಗೆ ಅನ್ನಿಸುತ್ತದೆ.

ಆ ಸೊನ್ನೆಯಿಂದ ಒಳನಾಡಿಗೆ ಎತ್ತರವನ್ನು ಒಯ್ದದ್ದು ಮನುಷ್ಯರ ಕಾಲು. ಅಳತೆಗೋಲು ಹಿಡಿದು, ಮಟ್ಟದ ದುರ್ಬೀನು ಹೊತ್ತು, ನಿಂತಲ್ಲಿಂದ ನಿಂತಲ್ಲಿಗೆ ಮಟ್ಟ ಓದುತ್ತ ನಡೆದರು. ಆಮೇಲೆ ವಿಮಾನದಿಂದ ಚಿತ್ರ ತೆಗೆಯುವ ಕಾಲ ಬಂತು. ಒಂದೇ ನೆಲದ ಎರಡು ಚಿತ್ರಗಳನ್ನು ಜೋಡಿ ಮಸೂರದ ಕೆಳಗಿಟ್ಟರೆ ಗುಡ್ಡ ಮೇಲೆದ್ದು ಬಂದಂತೆ ಕಾಣುತ್ತದೆ. ನಕಾಶೆಗಾರರು ಅದನ್ನು ನೋಡಿ ನೋಡಿ, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು ಎಳೆಯುತ್ತಿದ್ದರು. ಕಣ್ಣು ಸೋಲುವ ಕೆಲಸ ಅದು.

ಎರಡು ಚಿತ್ರ ಏಕೆ ಬೇಕು ಎಂದು ಕೇಳುವಿರಾ? ನಿಮ್ಮ ಬೆರಳನ್ನು ಮೂಗಿನ ಮುಂದೆ ಹಿಡಿಯಿರಿ. ಒಮ್ಮೆ ಎಡಗಣ್ಣು ಮುಚ್ಚಿ, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಆಚೆಗೊಮ್ಮೆ ಈಚೆಗೊಮ್ಮೆ ಸರಿಯುತ್ತದೆ. ದೂರದ ತೆಂಗಿನ ಮರ ಅಷ್ಟು ಸರಿಯುವುದಿಲ್ಲ. ಹತ್ತಿರವಿದ್ದದ್ದು ಹೆಚ್ಚು ಸರಿಯುತ್ತದೆ, ಅಷ್ಟೇ ಗುಟ್ಟು. ಆಕಾಶದಿಂದ ನೋಡುವವನಿಗೆ ಗುಡ್ಡದ ತುದಿ ಹತ್ತಿರ, ಗದ್ದೆ ದೂರ. ಎಷ್ಟು ಸರಿಯಿತು ಎಂದು ಅಳೆದರೆ ಎತ್ತರ ಸಿಕ್ಕಿತು.

1995ರ ಡಿಸೆಂಬರಿನಲ್ಲಿ ಹಾರಿದ ನಮ್ಮ ಐ.ಆರ್.ಎಸ್. 1ಸಿ ಉಪಗ್ರಹವು ಕ್ಯಾಮೆರಾವನ್ನು ಪಕ್ಕಕ್ಕೆ ಹೊರಳಿಸಿ ಇಂಥ ಜೋಡಿ ಚಿತ್ರ ತೆಗೆಯಬಲ್ಲುದಾಗಿತ್ತು. ಆದರೆ ಒಂದು ಚಿತ್ರ ಇಂದು, ಇನ್ನೊಂದು ಮತ್ತೊಂದು ದಿನ. ಅಷ್ಟರಲ್ಲಿ ಮೋಡ ಬಂದಿರುತ್ತಿತ್ತು, ಗದ್ದೆ ಕೊಯ್ದಿರುತ್ತಿತ್ತು. 2000ದ ಫೆಬ್ರವರಿಯಲ್ಲಿ ಅಮೆರಿಕದವರು ಎಂಡೆವರ್ ಎಂಬ ನೌಕೆಯಲ್ಲಿ ರೇಡಾರ್ ಇಟ್ಟು ಹನ್ನೊಂದು ದಿನಗಳಲ್ಲಿ ಭೂಮಿಯ ಬಹುಭಾಗದ ಎತ್ತರ ಅಳೆದರು. ರೇಡಾರಿಗೆ ಮೋಡದ ಅಡ್ಡಿಯಿಲ್ಲ. ಆದರೆ ನಮ್ಮಂಥವರಿಗೆ ಆ ಲೆಕ್ಕ ಬಹುಕಾಲ ತೊಂಬತ್ತು ಮೀಟರಿಗೆ ಒಂದು ಅಂಕಿಯಂತೆ ಮಾತ್ರ ದೊರೆಯಿತು. ತೊಂಬತ್ತು ಮೀಟರಿನ ಚೌಕವೆಂದರೆ ಸುಮಾರು ಎರಡು ಎಕರೆ. ನಮ್ಮ ಕಡೆ ಎರಡು ಎಕರೆಯಲ್ಲಿ ಎಷ್ಟು ಜನರ ಹಿಡುವಳಿ ಇರುತ್ತದೆ ಎಂಬುದು ನಿಮಗೇ ಗೊತ್ತು.

2005ರ ಮೇ 5ರಂದು ಶ್ರೀಹರಿಕೋಟದಿಂದ ಕಾರ್ಟೋಸ್ಯಾಟ್-1 ಹಾರಿತು. ಇದರಲ್ಲಿ ಎರಡು ಕ್ಯಾಮೆರಾಗಳು. ಒಂದು 26 ಡಿಗ್ರಿ ಮುಂದಕ್ಕೆ ಬಾಗಿ ನೋಡುತ್ತಿತ್ತು, ಇನ್ನೊಂದು 5 ಡಿಗ್ರಿ ಹಿಂದಕ್ಕೆ. 618 ಕಿಲೋಮೀಟರ್ ಮೇಲಿನಿಂದ ಮೊದಲನೆಯದು ನೋಡಿದ ನೆಲವನ್ನೇ ಸುಮಾರು 52 ಸೆಕೆಂಡುಗಳ ನಂತರ ಎರಡನೆಯದು ನೋಡುತ್ತಿತ್ತು. ಅಷ್ಟರಲ್ಲಿ ಮೋಡವೂ ಹೆಚ್ಚು ಸರಿಯದು, ನೆರಳೂ ತಿರುಗದು. ಚಿತ್ರದ ಒಂದೊಂದು ಚುಕ್ಕೆ ನೆಲದ ಮೇಲೆ ಎರಡೂವರೆ ಮೀಟರ್.

ಚಿತ್ರ ಬಂದಿತು, ಆದರೆ ಇಡೀ ದೇಶವನ್ನು ಮಸೂರದ ಕೆಳಗೆ ಕೂತು ನೋಡುವವರು ಯಾರು? ಈ ಕೆಲಸವನ್ನು ಯಂತ್ರಕ್ಕೆ ಕಲಿಸಿದರು. ಅಹಮದಾಬಾದಿನ ಅಂತರಿಕ್ಷ ಉಪಯೋಗ ಕೇಂದ್ರದವರು ಇದಕ್ಕೆಂದು ಕ್ರಮವಿಧಿ ಬರೆದರು. ಯಂತ್ರವು ಮೊದಲ ಚಿತ್ರದಲ್ಲಿ ಒಂದು ಚಿಕ್ಕ ಚೌಕ ತೆಗೆದುಕೊಳ್ಳುತ್ತದೆ. ಎರಡನೆಯ ಚಿತ್ರದಲ್ಲಿ ಅದರಂತೆಯೇ ಇರುವ ಚೌಕವನ್ನು ಹುಡುಕುತ್ತದೆ, ಸಂತೆಯಲ್ಲಿ ಅವಳಿ ಮಕ್ಕಳಲ್ಲಿ ಒಬ್ಬನನ್ನು ಹಿಡಿದುಕೊಂಡು ಇನ್ನೊಬ್ಬನನ್ನು ಹುಡುಕಿದ ಹಾಗೆ. ಸಿಕ್ಕಿದ ಮೇಲೆ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುತ್ತದೆ. ಹೀಗೆ ಕೋಟಿಗಟ್ಟಲೆ ಸಲ. ನೆಲದ ಮೇಲೆ ಹೋಗಿ ಅಳೆದು ತಂದ ಕೆಲವೇ ಬಿಂದುಗಳಿಗೆ ಉದ್ದನೆಯ ಪಟ್ಟಿಯನ್ನೇ ಬಿಗಿದು ಕಟ್ಟುವುದು ಈ ಕ್ರಮದ ಹೆಚ್ಚುಗಾರಿಕೆ. ಹೀಗೆ ಹುಟ್ಟಿದ್ದು ಕಾರ್ಟೋಡೆಮ್ ಎಂಬ ಎತ್ತರದ ನಕಾಶೆ. ಮೂವತ್ತು ಮೀಟರಿಗೆ ಒಂದು ಅಂಕಿಯಂತೆ ಅದನ್ನು ಇಸ್ರೋದ ಭುವನ್ ತಾಣದಲ್ಲಿ ಸಾರ್ವಜನಿಕರಿಗೆ ಪುಕ್ಕಟೆಯಾಗಿ ಇಟ್ಟರು.

ಈಗ ಲೆಕ್ಕ ನೋಡಿ. ಆ ಎರಡು ಕ್ಯಾಮೆರಾಗಳ ಕೋನದಲ್ಲಿ ಹತ್ತು ಮೀಟರ್ ಎತ್ತರದ ವಸ್ತುವು ಸುಮಾರು ಆರು ಮೀಟರ್ ಸರಿದಂತೆ ಕಾಣುತ್ತದೆ. ಅಂದರೆ ಒಂದು ಚುಕ್ಕೆಯಷ್ಟು ಸರಿದರೆ ನಾಲ್ಕು ಮೀಟರ್ ಎತ್ತರ. ಯಂತ್ರವು ಚುಕ್ಕೆಯ ಒಳಗೂ ಭಾಗ ಮಾಡಿ ನೋಡುತ್ತದೆಂಬುದು ನಿಜ. ಆದರೂ ಕಾರ್ಟೋಡೆಮ್ ಎತ್ತರದಲ್ಲಿ ಎಂಟು ಮೀಟರಿನಷ್ಟು ವ್ಯತ್ಯಾಸ ಬರಬಹುದೆಂದು ಮಾಡಿದವರೇ ಒಪ್ಪಿದ್ದಾರೆ. ಸದಾಶಿವಗಡದ ಗುಡ್ಡಕ್ಕೆ ಎಂಟು ಮೀಟರ್ ಲೆಕ್ಕವಲ್ಲ. ಗಜನಿಗೆ? ಗಜನಿ, ಕಟ್ಟೆ, ಅದರ ಹಲಗೆ ಬಾಗಿಲು, ಆಚೆಯ ಹೊಳೆ, ಎಲ್ಲವೂ ಆ ಎಂಟು ಮೀಟರಿನೊಳಗೆ ಮುಳುಗಿಹೋಗುತ್ತವೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಅಂಕೋಲಾ ತಾಲೂಕಿನ ಒಂದು ಊರಿನಲ್ಲಿ ಗಜನಿ ಕಟ್ಟೆಯ ದುರಸ್ತಿಗೆ ಯಾವ ಭಾಗ ಮೊದಲು ಎಂದು ನಿಶ್ಚಯಿಸಬೇಕಿತ್ತು. ನಾನು ನಕಾಶೆ ಮುದ್ರಿಸಿಕೊಂಡು ಹೋಗಿದ್ದೆ. ಹೊಳೆಯ ಪಕ್ಕದಲ್ಲಿ ಉದ್ದನೆಯ ದಿಬ್ಬವೊಂದು ಅದರಲ್ಲಿ ಚೆನ್ನಾಗಿ ಕಾಣುತ್ತಿತ್ತು. ಆ ಕಡೆ ಸದ್ಯಕ್ಕೆ ಬೇಡ ಎಂದೆ. ಅಲ್ಲಿದ್ದ ಹಿರಿಯ ಗೌಡರೊಬ್ಬರು, "ಅದು ದಿಬ್ಬ ಅಲ್ರಾ, ನಮ್ಮ ತೆಂಗಿನ ಹಿತ್ತಲು," ಅಂದರು. ಡಿಪ್ಲೊಮಾ ಓದಿದ ನನಗೆ ಆ ಮಾತು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ಮಳೆಗಾಲದ ನಡುವೆ ಒಂದು ಅಮಾವಾಸ್ಯೆಯ ಭರತಕ್ಕೆ ಉಪ್ಪುನೀರು ಆ ಹಿತ್ತಲಿನ ಬುಡದಿಂದಲೇ ನುಗ್ಗಿ ಅವರ ಅರ್ಧ ಎಕರೆ ನಾಟಿಯನ್ನು ಕೆಡಿಸಿತು. ಉಪಗ್ರಹ ಸುಳ್ಳು ಹೇಳಿರಲಿಲ್ಲ. ಅದು ಕಂಡದ್ದು ತೆಂಗಿನ ತಲೆ. ನೆಲ ಅದಕ್ಕೆ ಕಂಡೇ ಇರಲಿಲ್ಲ. ದಟ್ಟ ಕಾಡಿನ ಗುಡ್ಡದಲ್ಲಿಯೂ ಹೀಗೆಯೇ. ಹರಿಯುವ ನೀರಿನ ಮೇಲಂತೂ ಒಂದು ಚಿತ್ರದ ಅಲೆ ಇನ್ನೊಂದರಲ್ಲಿ ಇರುವುದಿಲ್ಲವಾದ್ದರಿಂದ ಯಂತ್ರಕ್ಕೆ ಜೋಡಿಯೇ ಸಿಗುವುದಿಲ್ಲ.

ಇನ್ನೊಂದು ತಮಾಷೆ. ಭುವನ್ ತಾಣದ ಅಂಕಿಗಳನ್ನು ಹಾಗೆಯೇ ಓದಿದರೆ ಕಾರವಾರದ ಕಡಲತೀರ ಸೊನ್ನೆಗಿಂತ ಹತ್ತಾರು ಮೀಟರ್ ಕೆಳಗಿದೆ! ಭಯಪಡಬೇಡಿ. ಉಪಗ್ರಹದವರು ಎತ್ತರವನ್ನು ಅಳೆಯುವುದು ಗಣಿತದಿಂದ ಕಲ್ಪಿಸಿದ ನುಣುಪಾದ ಗೋಲದಿಂದ. ಗುರುತ್ವದ ಏರುಪೇರಿನಿಂದ ದಕ್ಷಿಣ ಭಾರತದ ಸುತ್ತಲಿನ ಸಮುದ್ರ ಆ ಗೋಲಕ್ಕಿಂತ ಬಹಳ ತಗ್ಗಿನಲ್ಲಿದೆ. ತಿದ್ದಿಕೊಂಡರೆ ಮಾತ್ರ ಹಳೆಯ ಸರ್ವೆಯವರ ಸೊನ್ನೆಗೆ, ಅಂದರೆ ಕಾರವಾರದಂಥ ಬಂದರುಗಳ ನೀರಿಗೆ, ಬಂದು ಮುಟ್ಟುತ್ತೇವೆ.

ಹಾಗಾದರೆ ಈ ನಕಾಶೆ ಯಾವುದಕ್ಕೆ ಬೇಕು? ಗುಡ್ಡಕ್ಕೆ ಬೇಕು. ಇಳಿಜಾರು ಎಲ್ಲಿ ಕಡಿದು, ಮಳೆನೀರು ಯಾವ ಕೊರಕಲಿನಲ್ಲಿ ಸೇರುತ್ತದೆ, ಯಾವ ಮನೆ ಅದರ ಬಾಯಿಯಲ್ಲಿದೆ ಎಂಬುದನ್ನು ಇದು ಕೂತಲ್ಲೇ ತೋರಿಸುತ್ತದೆ. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು ಅನೇಕ ಜನ ಮಣ್ಣಿನಡಿ ಸತ್ತರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯನ್ನು ದಾಟಿ ಗಂಗಾವಳಿಗೆ ಬಿತ್ತು. ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಕುಸಿಯಬಹುದಾದ ಜಾಗಗಳನ್ನು ಗುರುತಿಸುವಾಗ ಇಂಥ ಎತ್ತರದ ನಕಾಶೆಗಳನ್ನೇ ಬಳಸುತ್ತಾರೆ. ಆದರೆ ನಕಾಶೆಗೆ ವಯಸ್ಸಿದೆ. ಚಿತ್ರ ತೆಗೆದ ಮೇಲೆ ರಸ್ತೆಗೆಂದು ಕಡಿದ ಗುಡ್ಡ ಅದರಲ್ಲಿ ಇನ್ನೂ ಇಡಿಯಾಗಿಯೇ ನಿಂತಿರುತ್ತದೆ. ನಿಮ್ಮ ಹಿತ್ತಲ ಹಿಂದಿನ ಧರೆಯನ್ನು ಯಾವ ವರ್ಷ ಕಡಿದರು ಎಂಬುದನ್ನು ನೀವೇ ಹೇಳಬೇಕು. ಅಧಿಕಾರಿಗಳು ಬಂದಾಗ ತಪ್ಪದೆ ಹೇಳಿ, ಕೇಳದಿದ್ದರೂ ಹೇಳಿ.

ಆ ಗೌಡರ ಗಜನಿಯ ಕೆಲಸವನ್ನು ಮರುವರ್ಷ ಬೇರೆ ರೀತಿಯಲ್ಲಿ ಮಾಡಿದೆವು. ಅಮಾವಾಸ್ಯೆಯ ದಿನ ಭರತ ಪೂರ್ತಿ ಏರಿದಾಗ ಹೊಳೆಯ ದಡದ ಚಿರೇಕಲ್ಲಿನ ಕಂಬಕ್ಕೆ ಅವರೇ ಸುಣ್ಣದಿಂದ ಗೆರೆ ಎಳೆದರು. ಪಾರದರ್ಶಕ ನಳಿಯಲ್ಲಿ ನೀರು ತುಂಬಿ, ಒಂದು ತುದಿ ಆ ಗೆರೆಗೆ ಹಿಡಿದು, ಇನ್ನೊಂದು ತುದಿಯನ್ನು ಕಟ್ಟೆಯುದ್ದಕ್ಕೂ ಒಯ್ದು ಮಟ್ಟ ನೋಡಿದೆವು. ತೆಂಗಿನ ಹಿತ್ತಲಿನ ಹತ್ತಿರ ಕಟ್ಟೆಯು ಗೆರೆಗಿಂತ ಒಂದು ಗೇಣು ತಗ್ಗಾಗಿತ್ತು. ಮಣ್ಣು ಹಾಕುವ ಕೆಲಸವನ್ನು ಅಲ್ಲಿಂದಲೇ ಪ್ರಾರಂಭಿಸಿದೆವು.