ಜೊಳ್ಳು ತೂರುವಾಗ ಕಾಳು ಹಾರಬಾರದು

ವೀಕ್ಷಕರೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು... ಈ ನಾಲ್ಕು ತಾಲ್ಲೂಕಿನ ರೈತರಿಗೆ ಕಾಳು ತೂರೋದು ಹೇಗೆ ಅಂತ ಸ್ಟುಡಿಯೋದಲ್ಲಿ ಕೂತು ನಾನು ಹೇಳಿಕೊಡಬೇಕಿಲ್ಲ. ಗಾಳಿ ಸಾಲದಿದ್ದರೆ ಜೊಳ್ಳು ಉಳಿಯುತ್ತೆ. ಗಾಳಿ ಜಾಸ್ತಿಯಾದರೆ ಕಾಳೂ ಹಾರಿಹೋಗುತ್ತೆ. ಇವತ್ತು ನಾನು ಹೇಳೋದು ಇಮೇಲ್‌ನಲ್ಲಿ ಜೊಳ್ಳು ತೂರುವ ಕಥೆ. ಯಾಕೆ ಅಂತೀರಾ? ಆ ಊರುಗಳ ಹುಡುಗ ಹುಡುಗಿಯರು ಕೆಲಸದ ಸಂದರ್ಶನದ ಪತ್ರಕ್ಕೆ, ಸ್ಕಾಲರ್‌ಶಿಪ್ ಸೂಚನೆಗೆ ಈಗ ಕಾಯೋದು ಪೋಸ್ಟ್‌ಮ್ಯಾನ್‌ಗಲ್ಲ, ಇಮೇಲ್‌ಗೆ. ಆ ಪತ್ರ ಸ್ಪ್ಯಾಮ್ ಬುಟ್ಟಿಗೆ ಬಿದ್ದು, ತಾರೀಖು ದಾಟಿದ ಮೇಲೆ ಕಣ್ಣಿಗೆ ಬಿದ್ದರೆ ಹೊಣೆ ಯಾರು?

ಈ ಕಾಟ ಹಳೆಯದು. 1978ರ ಮೇ 3. ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡಿನಲ್ಲಿ ನಡೆಯುತ್ತಿದ್ದ ಅರ್ಪಾನೆಟ್ ಜಾಲ. ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯ ಮಾರಾಟಗಾರ ಗ್ಯಾರಿ ಥುವರ್ಕ್, ಸುಮಾರು 400 ಜನರಿಗೆ ಒಂದೇ ಏಟಿಗೆ ಜಾಹೀರಾತು ಕಳಿಸಿದ. ಬೈಗುಳ ಬಂತು. ಆದರೆ ದಾರಿಯೂ ತೆರೆದುಕೊಂಡಿತು. 1996ರಲ್ಲಿ ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ತನ್ನ ಗೆಳೆಯ ಜ್ಯಾಕ್ ಸ್ಮಿತ್ ಜೊತೆ ಹಾಟ್‌ಮೇಲ್ ಶುರು ಮಾಡಿದರು. ಇಮೇಲ್ ಪುಕ್ಕಟೆ ಆಯ್ತು. ಪುಕ್ಕಟೆ ಸಿಕ್ಕಿದ್ದು ಒಳ್ಳೆಯವರಿಗಷ್ಟೇ ಅಲ್ಲವಲ್ಲ!

1997ರ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆ ಆಯ್ತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಗ ಹೊನ್ನಾಳಿಯೊಳಗೇ ಇತ್ತು. ಅದೇ ವರ್ಷ ಅಮೆರಿಕದಲ್ಲಿ ಪಾಲ್ ವಿಕ್ಸಿ ಎಂಬ ಇಂಜಿನಿಯರ್ ಒಂದು ಕಪ್ಪುಪಟ್ಟಿ ಜಾರಿಗೆ ತಂದರು. ಸ್ಪ್ಯಾಮ್ ಕಳಿಸುವ ಯಂತ್ರಗಳ ವಿಳಾಸದ ಪಟ್ಟಿ ಅದು. ಪಟ್ಟಿಯಲ್ಲಿದ್ದರೆ ಬಾಗಿಲು ಬಂದ್. ಉಪಾಯ ಸುಲಭ, ಕೆಲಸವೂ ಬೇಗ. ಆದರೆ ಓಣಿಯಲ್ಲಿ ಒಬ್ಬ ತಪ್ಪು ಮಾಡಿದರೆ ಇಡೀ ಓಣಿಯ ಟಪಾಲು ನಿಲ್ಲಿಸಿದ ಹಾಗೆ. ಒಂದೇ ಸರ್ವರ್ ಹಂಚಿಕೊಂಡ ಪ್ರಾಮಾಣಿಕರ ಪತ್ರಗಳೂ ನಿಂತವು. 2004ರ ಕೊನೆಯಲ್ಲಂತೂ ಅಮೆರಿಕದ ವೆರೈಜನ್ ಕಂಪನಿ ಸ್ಪ್ಯಾಮ್ ತಡೆಯುವ ಹೆಸರಲ್ಲಿ ಯುರೋಪಿನಿಂದ ಬರುವ ಮೇಲ್‌ಗಳನ್ನೇ ದೊಡ್ಡ ಪ್ರಮಾಣದಲ್ಲಿ ತಡೆಯಿತು. ಗ್ರಾಹಕರು ಕೋರ್ಟಿಗೆ ಹೋದರು.

ಹಾಗಾದರೆ ಪರಿಚಿತರನ್ನು ಮಾತ್ರ ಒಳಗೆ ಬಿಟ್ಟರೆ? ಅದಕ್ಕೂ ಇತಿಹಾಸ ಉತ್ತರ ಕೊಟ್ಟಿದೆ. 2000ದ ಮೇ 4ರಂದು ಫಿಲಿಪೀನ್ಸ್‌ನಿಂದ ಹೊರಟ 'ಐ ಲವ್ ಯೂ' ವೈರಸ್ ಬಂದದ್ದು ಗೆಳೆಯರ ಹೆಸರಲ್ಲೇ! ಪ್ರೇಮಪತ್ರ ಅಂತ ಫೈಲ್ ತೆರೆದರೆ, ಅದು ನಿಮ್ಮ ವಿಳಾಸಪುಸ್ತಕದಲ್ಲಿದ್ದ ಎಲ್ಲರಿಗೂ ತನ್ನನ್ನೇ ಕಳಿಸಿಕೊಳ್ಳುತ್ತಿತ್ತು. ಬ್ರಿಟನ್ ಸಂಸತ್ತಿನ ಕೆಳಮನೆ ತನ್ನ ಇಮೇಲ್ ವ್ಯವಸ್ಥೆಯನ್ನೇ ಸ್ಥಗಿತಗೊಳಿಸಬೇಕಾಯಿತು.

ಅಂದರೆ ಕಳಿಸಿದವನ ಊರು ನೋಡಿ ತಳ್ಳಿದರೂ ತಪ್ಪು, ಹೆಸರು ನೋಡಿ ನಂಬಿದರೂ ತಪ್ಪು. ಮತ್ತೆ ನೋಡಬೇಕಾದ್ದೇನು? ಪತ್ರದ ಒಳಗಿನದ್ದು. ಅದರಲ್ಲೂ ಒಂದೇ ಪದ ನೋಡಿದರೆ ಸಾಲದು. 'ಸಾಲ' ಅನ್ನೋ ಪದ ಇರುವ ಪತ್ರವನ್ನೆಲ್ಲ ಎಸೆದರೆ ಮೋಸದ ಆ್ಯಪ್ ಜೊತೆ ಸಹಕಾರ ಸಂಘದ ನೋಟಿಸೂ ಹೋಗುತ್ತೆ.

2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಎಂಬ ಅಮೆರಿಕದ ಪ್ರೋಗ್ರಾಮರ್ ಬರೆದ ಒಂದು ಲೇಖನ ಈ ಲೆಕ್ಕವನ್ನು ಜನಪ್ರಿಯ ಮಾಡಿತು. ಮೂಲ ಸೂತ್ರ 18ನೇ ಶತಮಾನದ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಅವರದ್ದು. ಇಂಜಿನಿಯರಿಂಗ್ ಓದುವಾಗ ನಾವೆಲ್ಲ ಪರೀಕ್ಷೆಗೆ ಅಂತ ಉರು ಹೊಡೆದ ಸೂತ್ರ! ನಿಮಗೆ ಬಂದ ಒಳ್ಳೆಯ ಪತ್ರಗಳಲ್ಲಿ ಒಂದು ಪದ ಎಷ್ಟು ಸಲ ಇದೆ, ಕೆಟ್ಟವುಗಳಲ್ಲಿ ಎಷ್ಟು ಸಲ ಇದೆ, ಎರಡನ್ನೂ ತೂಗಿ ನೋಡು ಅನ್ನುತ್ತೆ ಅದು. ಗ್ರಹಾಂ ಇನ್ನೊಂದು ಕೆಲಸ ಮಾಡಿದರು. ಒಳ್ಳೆಯ ಪತ್ರದ ಎಣಿಕೆಯನ್ನು ಬೇಕಂತಲೇ ದುಪ್ಪಟ್ಟು ಮಾಡಿದರು. ಅನುಮಾನದ ಲಾಭ ಒಳ್ಳೆಯ ಪತ್ರಕ್ಕೆ ಸಿಗಲಿ ಅಂತ. ಒಂದು ಸ್ಪ್ಯಾಮ್ ಒಳಗೆ ಬಂದರೆ ಅಳಿಸೋಕೆ ಒಂದು ಕ್ಷಣ ಸಾಕು. ಒಂದು ನಿಜವಾದ ಪತ್ರ ಕಳೆದರೆ ಒಂದು ನೌಕರಿ ಹೋಗಬಹುದು.

ಇದು ಕಂಪ್ಯೂಟರಿನ ಪಾಠ ಮಾತ್ರವೇ? ಅಲ್ಲ. 2012ರ ಆಗಸ್ಟ್ ನೆನಪಿದೆಯಾ? ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಕೇಂದ್ರ ಸರ್ಕಾರ ಮಾಡಿದ್ದೇನು? ದೇಶಾದ್ಯಂತ ಬಲ್ಕ್ ಎಸ್ಎಂಎಸ್‌ಗೆ 15 ದಿನ ನಿಷೇಧ! ಮೊದಲು ಐದರ ಮಿತಿ, ಆಮೇಲೆ 20. ವದಂತಿ ಹಬ್ಬಿಸಿದವನಿಗೂ ಅದೇ ಬೀಗ, 'ನಾವಿದ್ದೇವೆ, ಹೆದರಬೇಡಿ' ಅನ್ನಲು ಹೊರಟವನಿಗೂ ಅದೇ ಬೀಗ.

ಕಾನೂನಿನ ಕಥೆಯೂ ಅಷ್ಟೇ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ಸೇರಿಸಿದ 66ಎ ಕಲಮಿನಲ್ಲಿ, ಕಿರಿಕಿರಿ ಮಾಡುವ, ಮೂಲ ಮರೆಮಾಚುವ ಇಮೇಲ್ ಕಳಿಸುವುದು ಅಪರಾಧ ಅಂತಿತ್ತು. ಸ್ಪ್ಯಾಮ್‌ಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತೆ, ಅಲ್ವಾ? ಆದರೆ 'ಕಿರಿಕಿರಿ' ಅಂದರೇನು ಅಂತ ಎಲ್ಲೂ ಹೇಳಿರಲಿಲ್ಲ. ಬಲೆಗೆ ಬಿದ್ದವರು ಫೇಸ್‌ಬುಕ್‌ನಲ್ಲಿ ಅಭಿಪ್ರಾಯ ಬರೆದ ಸಾಮಾನ್ಯ ಜನ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಈ ಕಲಮನ್ನೇ ರದ್ದು ಮಾಡಿತು. ಜರಡಿ ಸರಿಯಿರಲಿಲ್ಲ, ಅದಕ್ಕೇ ಹೋಯಿತು.

ಹಾಗಂತ ಜರಡಿಯೇ ಬೇಡ ಅನ್ನೋಕಾಗಲ್ಲ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಸುಳ್ಳು ಬೆದರಿಕೆ ಅಂತ ಆಮೇಲೆ ಗೊತ್ತಾಯ್ತು. ಆದರೆ ಓದದೇ ಎಸೆಯುವ ಧೈರ್ಯ ಯಾವ ಮುಖ್ಯೋಪಾಧ್ಯಾಯರಿಗೆ ಇರುತ್ತೆ? ಅದಕ್ಕೇ ಒಳ್ಳೆಯ ಫಿಲ್ಟರ್ ಅನುಮಾನ ಬಂದದ್ದನ್ನು ಸುಡುವುದಿಲ್ಲ, ಪಕ್ಕಕ್ಕೆ ಇಟ್ಟು ಮನುಷ್ಯನ ಕಣ್ಣಿಗೆ ಬಿಡುತ್ತೆ.

ವೀಕ್ಷಕರೇ, ವಾರಕ್ಕೊಮ್ಮೆ ಆ ಸ್ಪ್ಯಾಮ್ ಬುಟ್ಟಿ ತೆರೆದು ನೋಡಿ. ನಿಮ್ಮದೇ ಪತ್ರ ಅಲ್ಲಿದ್ದರೆ 'ಇದು ಸ್ಪ್ಯಾಮ್ ಅಲ್ಲ' ಅಂತ ಒತ್ತಿ, ಯಂತ್ರ ಕಲಿಯುತ್ತೆ. ಗೊತ್ತಿಲ್ಲದ ಫೈಲ್ ಮಾತ್ರ, ಗೆಳೆಯನ ಹೆಸರಲ್ಲೇ ಬಂದಿರಲಿ, ಫೋನ್ ಮಾಡಿ ಕೇಳದೆ ತೆರೆಯಬೇಡಿ. ಇನ್ನು ಆಳುವವರಿಗೆ ಒಂದು ಮಾತು. ಗದ್ದಲ ಆದಾಗಲೆಲ್ಲ ಇಂಟರ್‌ನೆಟ್ ಬಂದ್ ಮಾಡುವ ಮುಂಚೆ, ಆ ಬೀಗದ ಹಿಂದೆ ಎಷ್ಟು ನಿಜವಾದ ಪತ್ರಗಳು ಸಿಕ್ಕಿಕೊಳ್ಳುತ್ತವೆ ಅಂತ ಲೆಕ್ಕ ಹಾಕಿ. ಆ ಲೆಕ್ಕವನ್ನು ಒಂದು ಪ್ರೋಗ್ರಾಂ 2002ರಲ್ಲೇ ಹಾಕಿತ್ತು!